ನಾಲ್ಕು ಕೊಳವೆಯ ಚೌಕ

ಸಾಗರ ಪರಿಸರ ವಿಜ್ಞಾನದ ಬೇಸಿಗೆ ಇಂಟರ್ನ್‌ಗಳ ಕೈಗೆ ಬರುವ ಉಪಕರಣಗಳಲ್ಲಿ ನನಗೆ ಅತಿ ಚಂದ ಕಾಣುವುದು ಕ್ವಾಡ್ರಾಟ್. ಪಿವಿಸಿ ಕೊಳವೆಯ ನಾಲ್ಕು ತುಂಡು, ಅಡ್ಡಕ್ಕೂ ಉದ್ದಕ್ಕೂ ಬಿಗಿದ ದಾರ. ಸಾಮಾನ್ಯವಾಗಿ ಅರ್ಧ ಮೀಟರ್ ಚೌಕ. ಪ್ಲಂಬರ್ ಅಂಗಡಿಯ ಸಾಮಾನು, ಅಷ್ಟೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಕರಾವಳಿಯಲ್ಲಿ ಬಂಡೆಗಳನ್ನು ಬಯಲಿಗಿಡುವ ಕಡಲಿನ ದೊಡ್ಡ ಇಳಿತಗಳು ಚಳಿಗಾಲದಲ್ಲಿ ಕತ್ತಲಾದ ಮೇಲೆ, ಬೇಸಿಗೆಯಲ್ಲಿ ಬೆಳಗಿನ ಬೆಳಕಿನಲ್ಲಿ ಬರುತ್ತವೆ. ಕಾಲೇಜಿಗೆ ರಜೆಯೂ ಆಗಲೇ. ಕಡಲಿಗೆ ಇಷ್ಟು ಕನಿಕರ! ಜಾರುವ ಪಾಚಿಯ ಮೇಲೆ ಮಂಡಿಯೂರಿ ಚೌಕವಿಟ್ಟು, ದಾರಗಳು ಕೂಡುವಲ್ಲೆಲ್ಲ ಕೆಳಗೇನಿದೆ ಎಂದು ಬರೆದುಕೊಳ್ಳಬೇಕು: ಬಂಡೆಗಂಟಿ ಬದುಕುವ ಚಿಪ್ಪುಜೀವಿ ಬಾರ್ನಕಲ್, ಪಾಚಿ, ಬರಿಗಲ್ಲು, ನಮ್ಮ ಮಂಗಳೂರಿನ ಪಚ್ಚಿಲೆಯ ಬಳಗದ ಮಸ್ಸೆಲ್. ಚೌಕ ಎಲ್ಲಿಡಬೇಕೆಂದು ಹೇಳುವುದು ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ. ಸೊಗಸಾದ ನಕ್ಷತ್ರಮೀನು ಒಂದಂಗುಲ ಆಚೆಗಿದ್ದರೂ ಲೆಕ್ಕಕ್ಕಿಲ್ಲ. ಈ ನಿಷ್ಠುರತೆಯೇ ನನಗಿಷ್ಟ.

ಇದೇ ಕರಾವಳಿಯ ಮಕಾ ಕೊಲ್ಲಿಯಲ್ಲಿ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ 1963ರಲ್ಲಿ ನಕ್ಷತ್ರಮೀನುಗಳನ್ನು ಬಂಡೆಯಿಂದ ಕಿತ್ತು ಕಡಲಿಗೆಸೆಯತೊಡಗಿದರು. ತಿನ್ನುವವರಿಲ್ಲದ ಮಸ್ಸೆಲ್‌ಗಳು ಹಬ್ಬಿ ಉಳಿದ ಜೀವಿಗಳನ್ನು ಒತ್ತರಿಸಿದವು. ತಾನಿಲ್ಲವಾದರೆ ಸುತ್ತಲ ಜೀವಿಗಳ ಬದುಕೇ ಬದಲಾಗುವಂಥ ಜೀವಿಗೆ ‘ಕೀಸ್ಟೋನ್ ಪ್ರಭೇದ’ ಎಂಬ ಹೆಸರನ್ನು ಪೇನ್ ಕೊಟ್ಟಿದ್ದು 1969ರಲ್ಲಿ. ಅದರ ಹಿಂದಿದ್ದದ್ದು ಹೀಗೆ ಬಂಡೆಯ ಮೇಲೆ ಬಗ್ಗಿ ಮಾಡಿದ ವರ್ಷಗಟ್ಟಲೆ ಎಣಿಕೆ.

ಬರೆಯಲು ನೀರಿಗೆ ನೆನೆಯದ ಕಾಗದ ಮತ್ತು ಪೆನ್ಸಿಲ್. ಪೆನ್ನು ತಂದವರು ಮೊದಲ ಅಲೆಗೇ ಪಕ್ಕದವರ ಬಳಿ ಸಾಲ ಕೇಳುತ್ತಾರೆ.