ಶಾಪವೇ ತೀರ್ಪಾದಾಗ

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ 2004ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರವಾಯಿತು. ಕಥೆಯಲ್ಲಿ ಗಂಡ ಕೈಬಿಟ್ಟ ತಾಯಿಯೊಬ್ಬಳು ಕಾಯಿಲೆಯ ಮಗುವಿನೊಂದಿಗೆ ನ್ಯಾಯ ಕೇಳಿ ಮಸೀದಿಯಲ್ಲಿ ಕೂರುತ್ತಾಳೆ. ಮುತವಲ್ಲಿ ಕಿವಿಗೊಡುವುದಿಲ್ಲ, ಮಗು ತೀರಿಕೊಳ್ಳುತ್ತದೆ.

ಅವಳಿಗೆ ಕಾನೂನಿನ ಕೊರತೆಯಿರಲಿಲ್ಲ. ಹೆಂಡತಿ ಮಕ್ಕಳ ಖರ್ಚು ಶರೀಅತ್ ಗಂಡನ ಮೇಲೆ ಹೊರಿಸಿದ ಹೊಣೆ. ದೇಶದ ಕಾನೂನಿನಲ್ಲೂ ಜೀವನಾಂಶವುಂಟು. ತಲಾಖ್ ಆದವಳಿಗೂ ಇದ್ದತ್ತಿನ ನಂತರದ ಬದುಕಿಗೆ ಏರ್ಪಾಡಾಗಬೇಕೆಂದು ಸುಪ್ರೀಂ ಕೋರ್ಟ್ 2001ರ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಹೇಳಿದೆ. ಕೊರತೆಯಿದ್ದುದು ಕೇಳುವ ಕಿವಿಯದು. ಆದ್ದರಿಂದಲೇ ಮೊಹಲ್ಲಾದ ಹೆಂಗಸರ ಶಾಪ ಕಥೆಯಲ್ಲಿ ತೀರ್ಪಾಗುತ್ತದೆ.

ಶಿವಾಜಿನಗರದ ನಾವು ಸಂವಿಧಾನದ ಹಕ್ಕುಗಳನ್ನು ಸರಕಾರದೆದುರು ಗಟ್ಟಿಯಾಗಿ ಕೇಳುತ್ತೇವೆ, ಕೇಳಲೇಬೇಕು. ಆದರೆ ನಮ್ಮದೇ ಜಮಾಅತಿನ ಬಾಗಿಲಿಗೆ ಬಂದ ಹೆಣ್ಣಿಗೆ ‘ನಾಳೆ ಬಾ’ ಎನ್ನುವವರೂ ನಾವೇ. ಕಿತಾಬಿನ ಹಕ್ಕು ಬದುಕಿಗೆ ಇಳಿಯಬೇಕಾದದ್ದು ಆ ಬಾಗಿಲಿನಿಂದಲೇ.