‘ಅಧ್ಯರ್ಬುದ’: ಒಂದು ಅರ್ಥವಿಚಾರ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ‘ಅಧ್ಯರ್ಬುದ’ವೆಂಬ ಶಬ್ದವಿದೆ. ಮೊದಲು ಹುಟ್ಟಿದ ಅರ್ಬುದದ ಎಡೆಯಲ್ಲಿಯೇ ಇನ್ನೊಂದು ಬೆಳೆದರೆ ಅದಕ್ಕೆ ಈ ಹೆಸರು. ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರಲ್ಲಿ ಹಲವರು, ಅರ್ಬುದವೆಂದರೆ ಕ್ಯಾನ್ಸರು, ಅಧ್ಯರ್ಬುದವೆಂದರೆ ಅದರ ಮರುಕಳಿಕೆ ಎಂದು ನಿಸ್ಸಂಶಯವಾಗಿ ಬರೆದುಬಿಡುತ್ತಾರೆ. ಈ ಸಮೀಕರಣವನ್ನು ನಾವು ಒಪ್ಪಲಾರೆವು.

ಅವರ ಪಕ್ಷಕ್ಕೆ ಆಧಾರವೇ ಇಲ್ಲವೆಂದಲ್ಲ. ಅರ್ಬುದವನ್ನು ಶೇಷವುಳಿಯದಂತೆ ತೆಗೆಯಬೇಕು, ಉಳಿದರೆ ಅದು ಬೇಗನೆ ಮತ್ತೆ ಹುಟ್ಟುವುದೆಂದು ಚಿಕಿತ್ಸಾಸ್ಥಾನವು ಎಚ್ಚರಿಸುತ್ತದೆ. ಆದರೆ ಅದೇ ಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ವ್ರಣಕ್ಕೆ ವಿಧಿಸಿದ 60 ಉಪಕ್ರಮಗಳಲ್ಲಿ ‘ಅವಸಾದನ’ವೂ ಒಂದು. ಗಾಯದ ಮಟ್ಟವನ್ನು ಮೀರಿ ಉಬ್ಬಿದ ಮೃದುಮಾಂಸವನ್ನು ತಗ್ಗಿಸುವುದೇ ಅದರ ಉದ್ದೇಶ. ಈ ಮಾಂಸವನ್ನು ಸುಶ್ರುತನು ಅರ್ಬುದವೆಂದು ಕರೆಯಲಿಲ್ಲ. ನಮ್ಮ ಜನ ‘ದುರ್ಮಾಂಸ’ವೆನ್ನುವುದೂ ಬಹುಮಟ್ಟಿಗೆ ಇಂಥದನ್ನೇ. ಗಾಯದಲ್ಲಿ ಬೆಳೆದದ್ದೆಲ್ಲ ಒಂದೇ ಅಲ್ಲವೆಂಬ ವಿವೇಕ ಗ್ರಂಥದಲ್ಲಿತ್ತು. ಅದನ್ನು ಕಳೆದವರು ವ್ಯಾಖ್ಯಾನಕಾರರು.

ಇದು ಕೇವಲ ಶಬ್ದಗಳ ಜಗಳವಲ್ಲ. ಮೂತ್ರಜನನಾಂಗಗಳ ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಹುಟ್ಟಿದ ಗಂಟುಗಳನ್ನು ಸ್ಕಲಿ, ರೋಸಾಯ್ ಮೊದಲಾದ ರೋಗವಿಜ್ಞಾನಿಗಳು 1984ರಲ್ಲಿ ವರ್ಣಿಸಿದರು. ಅವರು ಕಂಡ ರೋಗಿಗಳು 8 ಮಂದಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೂಲುವ ಕದಿರಿನಾಕಾರದ ಜೀವಕೋಶಗಳು ಒತ್ತೊತ್ತಾಗಿ ಸೇರಿ, ಬಿರುಸಾಗಿ ವಿಭಜನೆಯಾಗುತ್ತ, ಸಾರ್ಕೋಮಾ ಎಂಬ ಕ್ಯಾನ್ಸರಿನಂತೆಯೇ ತೋರುತ್ತವೆ. ಆದರೂ ಅವು ನಿರಪಾಯದ ಗಂಟುಗಳು. ಎರಡನ್ನೂ ಬೇರ್ಪಡಿಸುವ ಮುಖ್ಯ ಸಾಕ್ಷ್ಯವು ಗಾಜಿನ ಮೇಲೆ ಇಲ್ಲ. ಆ ಜಾಗದಲ್ಲಿ ಈಚೆಗೆ ಶಸ್ತ್ರವಾಡಿತ್ತೆಂಬ ವೃತ್ತಾಂತದಲ್ಲಿದೆ. ಹೊಲಿಗೆಯ ನೂಲಿನ ಸುತ್ತ ಕಟ್ಟುವ ಗಂಟು, ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ ಸತ್ತ ಕೊಬ್ಬು ಗಟ್ಟಿಯಾಗುವುದು, ಇವೂ ಹೀಗೆಯೇ ಭ್ರಮೆ ಹುಟ್ಟಿಸುವುದುಂಟು.

ದೊರೆತ ಸ್ಥಳ ತಿಳಿಯದ ಶಾಸನವನ್ನು ಲಿಪಿಯೊಂದರಿಂದಲೇ ನಿರ್ಣಯಿಸಹೊರಟವರ ಪಾಡನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ನೇತ್ರಾವತಿಯ ದಡದ ನರಿಕೊಂಬಿನಿಂದ ಒಬ್ಬರು ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೂರು ತಿಂಗಳೊಳಗೆ ಗಂಟು ಕಂಡಾಗ ಬೇರೊಂದು ಆಸ್ಪತ್ರೆಗೆ ಹೋದರೆನ್ನೋಣ. ಹಳೆಯ ಚೀಟಿ ಮನೆಯ ಪೆಟ್ಟಿಗೆಯಲ್ಲಿಯೇ ಉಳಿದರೆ, ಪರೀಕ್ಷಕನ ಮುಂದೆ ಬರುವುದು ಪೂರ್ವಕಥೆಯಿಲ್ಲದ ಮಾಂಸದ ಚೂರು ಮಾತ್ರ. ಪರಿಣಾಮವಾಗಿ ಒಂದು ಅಂಗವನ್ನೇ ಕಳೆದುಕೊಳ್ಳಬೇಕಾದೀತು. ಗಂಟನ್ನು ಪರೀಕ್ಷಿಸದೆ ಬಿಡಬಹುದೆಂಬುದು ನಮ್ಮ ವಾದವಲ್ಲ. ಪರೀಕ್ಷೆ ಆಗಲೇಬೇಕು, ಆದರೆ ವೃತ್ತಾಂತದೊಡನೆ ಆಗಬೇಕು.

ಕನ್ನಡದಲ್ಲಿ ಕ್ಯಾನ್ಸರಿಗೆ ‘ಏಡಿಗಂತಿ’ ಎಂಬ ಪ್ರತ್ಯೇಕ ಪದವೇ ಉಂಟು. ಅರ್ಬುದವನ್ನು ಎಳೆದುತಂದು ಆ ಸ್ಥಾನದಲ್ಲಿ ಕೂರಿಸುವ ಅಗತ್ಯವಿಲ್ಲ. ‘ಅಧ್ಯರ್ಬುದ’ವನ್ನಾದರೋ ಅನುವಾದಿಸದೆ ಹಾಗೆಯೇ ಇಟ್ಟು, ಅಡಿಯಲ್ಲಿ ಮೂಲದ ಲಕ್ಷಣವನ್ನಷ್ಟೇ ಕೊಡುವುದು ಲೇಸು.