ಮೂರು ಡಿಗ್ರಿಗಳ ದೊಡ್ಡ ಹೆಸರು

ಭಾರತದ ಗಣಿ ಎಂಜಿನಿಯರುಗಳು ಪ್ರಶ್ನಿಸದೆ ಒಪ್ಪಿಕೊಂಡ ಲೆಕ್ಕವೊಂದಿದೆ. ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಹೊರಬೀಳುವ ಮೀಥೇನ್ ಒಂದು ಘನ ಮೀಟರ್ ಮೀರದಿದ್ದರೆ ಆ ಪದರ ಅನಿಲದ ಲೆಕ್ಕದಲ್ಲಿ ಮೊದಲ ಡಿಗ್ರಿ, ಹತ್ತರವರೆಗೆ ಎರಡನೆಯದು, ಹತ್ತು ದಾಟಿದರೆ ಮೂರನೆಯದು. ಗಾಳಿಯಲ್ಲಿ ಶೇಕಡಾ 0.1 ಎಂಬ ಗೆರೆಯೂ ಮೊದಲೆರಡರ ನಡುವೆ ಇದೆ. 1957ರ ನಿಯಮಾವಳಿಯ ಜಾಗಕ್ಕೆ 2017ರದು ಬಂದರೂ ಈ ವಿಂಗಡಣೆ ಅಲುಗಲಿಲ್ಲ. ಇದರ ಹೆಸರು ಇದರ ಯೋಗ್ಯತೆಗಿಂತ ದೊಡ್ಡದು.

ಭಾಜಕವನ್ನೇ ನೋಡಿ. ಒಂದು ಗಣಿ ದಿನಕ್ಕೆ 500 ಟನ್ ತೆಗೆದು 8,000 ಘನ ಮೀಟರ್ ಮೀಥೇನ್ ಬಿಡುತ್ತದೆ ಎಂದುಕೊಳ್ಳಿ: ಟನ್ನಿಗೆ 16, ಅಂದರೆ ಮೂರನೆಯ ಡಿಗ್ರಿ. ಯಂತ್ರಗಳಿಂದ ಕಡಿಯುವ ಇನ್ನೊಂದು ಗಣಿ 5,000 ಟನ್ ತೆಗೆದು 40,000 ಘನ ಮೀಟರ್ ಬಿಡುತ್ತದೆ: ಟನ್ನಿಗೆ 8, ಎರಡನೆಯ ಡಿಗ್ರಿ. ವಾಪಸು ಗಾಳಿಯಲ್ಲಿ ಮೀಥೇನನ್ನು ಶೇಕಡಾ 0.75ಕ್ಕೆ ಇಳಿಸಲು ಮೊದಲನೆಯದಕ್ಕೆ ಸೆಕೆಂಡಿಗೆ ಸುಮಾರು 12 ಘನ ಮೀಟರ್ ಗಾಳಿ ಸಾಕು. ಎರಡನೆಯದಕ್ಕೆ 60ಕ್ಕೂ ಹೆಚ್ಚು ಬೇಕು. ಐದು ಪಟ್ಟು ಅನಿಲ ಬಿಡುವ ಗಣಿಗೇ ಕೆಳಗಿನ ಡಿಗ್ರಿ! ಕೆಲಸ ನಿಧಾನವಾದರೆ ಭಾಜಕ ಒಮ್ಮೆಗೇ ಇಳಿಯುತ್ತದೆ, ಕಲ್ಲಿದ್ದಲು ತೆಗೆದು ಹಿಂದೆ ಬಿಟ್ಟ ಖಾಲಿ ಜಾಗದಿಂದ (ಗೋಫ್) ಅನಿಲ ಮಾತ್ರ ಸೋರುತ್ತಲೇ ಇರುತ್ತದೆ. ಮೇಲಿನ, ಕೆಳಗಿನ ಪದರಗಳ ಅನಿಲವೂ ಇದೇ ಲೆಕ್ಕಕ್ಕೆ ಸೇರುವುದರಿಂದ, ಕಡಿಯುತ್ತಿರುವ ಪದರದಲ್ಲಿ ನಿಜಕ್ಕೂ ಎಷ್ಟಿದೆ ಎಂಬುದು ಇದರಿಂದ ತಿಳಿಯದು.

ಅನಿಲವನ್ನು ಮೊದಲೇ ಬಸಿದು ತೆಗೆಯಬೇಕಾದವನಿಗೆ ಬೇಕಾದದ್ದು ಆ ಉತ್ತರವೇ. ಮೀಥೇನಿನ ಬಹುಪಾಲು ಕಲ್ಲಿದ್ದಲಿನ ಅತಿ ಸೂಕ್ಷ್ಮ ರಂಧ್ರಗಳ ಮೈಗೆ ಅಂಟಿಕೊಂಡಿರುತ್ತದೆ. ಒತ್ತಡ ಇಳಿದಾಗ ಬಿಡಿಸಿಕೊಂಡು, ಬಿರುಕುಗಳವರೆಗೆ ಮೆಲ್ಲಗೆ ನುಸುಳಿ, ಅಲ್ಲಿಂದ ಡಾರ್ಸಿ 1856ರಲ್ಲಿ ನೀರಿಗೆ ಹೇಳಿದ ನಿಯಮದಂತೆ ಬೋರಿನತ್ತ ಹರಿಯುತ್ತದೆ. ಆಳ ಹೆಚ್ಚಿದಂತೆ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಅನಿಲ ತುಂಬಿದ ಪದರವೂ ಹನಿ ಬಿಡದಿರಬಹುದು. ಡಿಗ್ರಿ ಇದಾವುದನ್ನೂ ಹೇಳುವುದಿಲ್ಲ.

ಅನಿಲದ ಈ ಹರಿವನ್ನು ಬೋರ್‌ವೆಲ್‌ಗೆ ಹೋಲಿಸಿ ಸುಲಭ ಮಾಡುವ ಲೇಖಕರಿದ್ದಾರೆ. ಬಂಡೆಯಲ್ಲಿ ಬೋರ್ ಹಾಕಿಸಿದವರಿಗೆ ಹೋಲಿಕೆ ಹಿಡಿಸುತ್ತದೆ, ಆದರೆ ಅರ್ಧದಲ್ಲೇ ಮುರಿಯುತ್ತದೆ: ಬೋರ್‌ವೆಲ್‌ನಲ್ಲಿ ನೀರು ಬಂದರೆ ಗೆದ್ದಂತೆ, ಕಲ್ಲಿದ್ದಲ ಪದರದಲ್ಲಿ ಮೊದಲು ನೀರನ್ನೇ ಹೊರಹಾಕಿ ಒತ್ತಡ ಇಳಿಸಬೇಕು. ಇನ್ನು ಕೆಲವರ ವಾದ, ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ, ಈ ತಕರಾರು ನಮಗೇಕೆ ಎಂದು. ಶಕ್ತಿನಗರದ ರಾಯಚೂರು ವಿದ್ಯುತ್ ಸ್ಥಾವರ 1985ರಿಂದ ಉರಿಯುತ್ತಿರುವುದು ಯಾವ ಮಣ್ಣಿನ ಕಲ್ಲಿದ್ದಲಿನಿಂದ? ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಅದನ್ನು ರೈಲಿನಲ್ಲಿ ತರಿಸಿಕೊಳ್ಳುವವರು ಅಲ್ಲಿ ಕಡಿಯುವವರ ಗಾಳಿಯ ಬಗ್ಗೆ ಕೇಳಬಾರದೆ? ನಮ್ಮ ವಿಜ್ಞಾನ ಬರಹಗಾರರು ಕೋಲಾರದ ಚಿನ್ನದ ಗಣಿಗಳ ಬಂಡೆ ಸಿಡಿತದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅದು ಚಿನ್ನ, ನಮ್ಮದು; ಇದು ಮಸಿ, ಪರರದು ಎಂಬಂತಿದೆ ಕಲ್ಲಿದ್ದಲ ಗಣಿಗಳ ಬಗ್ಗೆ ಅವರ ಮೌನ.

ಡಿಗ್ರಿಗಳಿಂದ ಉಪಯೋಗವೇ ಇಲ್ಲವೆನ್ನುತ್ತಿಲ್ಲ. ಯಾವ ಸಿಡಿಮದ್ದು ಬಳಸಬೇಕು, ಎಂಥ ವಿದ್ಯುತ್ ಉಪಕರಣ ಇಳಿಸಬೇಕು ಎಂದು ತೀರ್ಮಾನಿಸಲು ಅವು ನೆರವಾಗುತ್ತವೆ. ಆದರೆ ಅನಿಲ ಬಸಿಯುವ ಕೆಲಸಕ್ಕೆ ಅವು ಸಾಲವು. ಜಾರ್ಖಂಡ್‌ನ ಝರಿಯಾ ಕಲ್ಲಿದ್ದಲು ಕ್ಷೇತ್ರದ ಮೂನಿಡಿ ಗಣಿಯಲ್ಲಿ ವಿಶ್ವಸಂಸ್ಥೆಯ ನೆರವಿನ ಯೋಜನೆಯಡಿ ಬೋರ್ ಕೊರೆದು ಮೀಥೇನ್ ತೆಗೆದರು, ಅದರಿಂದ ವಿದ್ಯುತ್ ತಯಾರಿಸಿ ಗಣಿಯ ವಸತಿ ಕಾಲೊನಿಗೆ ಕೊಟ್ಟರು. ಅಂಥಲ್ಲಿ ಬೋರು ಎಲ್ಲಿ, ಎಷ್ಟು ಆಳಕ್ಕೆ ಇಳಿಯಬೇಕೆಂದು ಹೇಳಬಲ್ಲದ್ದು ಕೊರೆದು ತೆಗೆದ ಕಲ್ಲಿದ್ದಲ ತುಂಡಿನ ಪರೀಕ್ಷೆ. ಅದನ್ನು ನಿಯಮಾವಳಿಯ ವಿಂಗಡಣೆಯೊಳಕ್ಕೇ ತರಬೇಕು.